ಮಳೆಗಾಲದ ಸನ್ನಾಹ

ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆಯೆಂದು ಹೆಸರು. ಅದು ಸಾಮಾನ್ಯವಾಗಿ ಮೇ 24ರ ಸುಮಾರಿಗೆ ಬರುವುದು. ಆ ದಿನ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುವು. ದೈವಗಳ ನೇಮಗಳು ನಿಲ್ಲುವುವು. ದೈವಗಳೇ ವಿಶ್ರಾಂತಿಗೆ ತೆರಳಿದ ಮೇಲೆ ಮನುಷ್ಯನು ಬಯಲಲ್ಲಿ ಉಳಿದು ಮಾಡುವುದೇನು? ಮಂಗಳೂರಿನ ಗೃಹಸ್ಥನಿಗೆ ಇದೊಂದು ಗಡುವು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೆ ಕಡಿಮೆಯಿಲ್ಲದೆ ಮಳೆ ಸುರಿಯುವ ಊರು ಇದು. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವುದು. ಶೀತದೇಶದವರು ಹಿಮದ ಬಿರುಗಾಳಿಗೆ ಹೇಗೆ ಸಿದ್ಧರಾಗುವರೋ ಹಾಗೆಯೇ ಇಲ್ಲಿನವರು ಮುಂಗಾರಿಗೆ ಸಿದ್ಧರಾಗಬೇಕು.

ಹಿಂದಿನವರ ಸನ್ನಾಹವು ಬಿಸು ಹಬ್ಬ ಕಳೆಯುತ್ತಲೇ ಮೊದಲಾಗುತ್ತಿದ್ದಿತು. ಕುಚ್ಚಲಕ್ಕಿಯ ಮುಡಿಗಳು ಬೈಹುಲ್ಲಿನ ಹೊದಿಕೆಯೊಳಗೆ ದುಂಡಗೆ ಕುಳಿತುಕೊಳ್ಳುವುವು. ಮಾವಿನ ಮಿಡಿಯು ಭರಣಿಯಲ್ಲಿ, ಹಲಸಿನ ಸೊಳೆಯು ಉಪ್ಪುನೀರಿನಲ್ಲಿ ಮುಳುಗುವುವು. ಸೌತೆಕಾಯಿಗಳು ಬಾಳೆಯ ನಾರಿನಲ್ಲಿ ಬಿಗಿಸಿಕೊಂಡು ಅಟ್ಟದ ತೊಲೆಯಿಂದ ತೂಗುವುವು. ಮೀನು ತಿನ್ನುವ ಮನೆಗಳಲ್ಲಿ ಒಣಮೀನಿನ ಸಂಗ್ರಹವಾಗುವುದು. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳವು ಒಣಗುವುದು. ಅದನ್ನು ಕಾಗೆಗಳಿಂದ ಕಾಯುವ ಅಧಿಕಾರವು ಮಕ್ಕಳದ್ದು, ಆ ಕಾವಲುಗಾರರಿಂದ ಕಾಯುವ ಅಧಿಕಾರವು ಅಜ್ಜಿಯದು. ಇಷ್ಟೆಲ್ಲವೂ ಆಟಿ ತಿಂಗಳನ್ನು ದಾಟುವುದಕ್ಕಾಗಿ. ಗದ್ದೆಯ ಕೆಲಸ ಮುಗಿದು, ಕೊಯ್ಲು ಇನ್ನೂ ದೂರವಿದ್ದು, ಕಡಲಿಗೆ ದೋಣಿ ಇಳಿಯದ ಆ ದಿನಗಳಲ್ಲಿ ಬಡವರ ಮನೆಯ ಒಲೆಯು ಬೇಸಗೆಯ ಉಳಿತಾಯದಿಂದಲೇ ಉರಿಯಬೇಕಾಗಿದ್ದಿತು.

ಅನಂತರ ಮಾಡಿನ ಸರದಿ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ಪ್ರಸಿದ್ಧವಾಗಿದೆ. ಹುಲ್ಲಿನ ಮಾಡಿಗೆ ವರ್ಷವರ್ಷವೂ ಹೊಸ ಹೊದಿಕೆ ಬೇಕು; ಒಂದನ್ನೊಂದು ಕಚ್ಚಿ ಕುಳಿತುಕೊಳ್ಳುವ ಕೆಂಪು ಹಂಚಿಗೆ ಕೈಯಾಡಿಸಿದರೆ ಸಾಕು. ಸಂದಿನಲ್ಲಿ ತುಂಬಿದ ತರಗೆಲೆಯನ್ನು ತೆಗೆಯುವುದು, ಒಡೆದುದನ್ನು ಬದಲಿಸುವುದು, ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವುದು, ಪಡುವಣ ಗಾಳಿಯ ಎರಚಲು ಜಗಲಿಗೆ ಹೊಡೆಯದಂತೆ ತೆಂಗಿನ ಮಡಲಿನ ತಟ್ಟಿಯನ್ನು ಕಟ್ಟುವುದು, ಇವೆಲ್ಲ ಮೇ ತಿಂಗಳ ನಿತ್ಯಕರ್ಮಗಳು.

ಆದರೆ ಅನುಭವಸ್ಥರಾದ ಹಿರಿಯರು ಹಪ್ಪಳಕ್ಕೂ ಹಂಚಿಗೂ ಮುಂಚೆ ಗುದ್ದಲಿಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅಂಗಳದ ಸುತ್ತಲಿನ ಕಣಿಯನ್ನು ಬಿಡಿಸಿ, ಕಣಿಯ ನೀರು ತೋಡಿಗೆ, ತೋಡಿನ ನೀರು ಬೈಲಿಗೆ, ಬೈಲಿನದು ನದಿಗೆ ಸೇರುವಂತೆ ದಾರಿಮಾಡಿದ ಮೇಲೆಯೇ ಉಳಿದ ಕೆಲಸ. ಮಳೆಯ ನೀರು ಕರೆಯದೆ ಬರುವ ನೆಂಟನಂತೆ. ಬರುವ ದಾರಿಯನ್ನು ತಾನೇ ಕಂಡುಕೊಳ್ಳುವುದು, ಹೋಗುವ ದಾರಿಯನ್ನು ಮಾತ್ರ ಮನೆಯವರು ತೋರಿಸಿಕೊಡಬೇಕು. ಮನೆಯೊಳಗೆ ಕೂಡಿಡುವುದು ಅರ್ಧ ಸನ್ನಾಹ. ನೀರನ್ನು ಕಳುಹಿಸಿಕೊಡುವುದು ಇನ್ನರ್ಧ.

ಈಗ ಮೊದಲನೆಯ ಅರ್ಧವು ಬಹಳ ಸುಲಭವಾಗಿದೆ. ಕಟ್ಟಿಗೆಯ ಸ್ಥಾನಕ್ಕೆ ಅನಿಲದ ಸಿಲಿಂಡರ್ ಬಂದಿದೆ; ಜಡಿಮಳೆಯಲ್ಲಿಯೂ ಅಂಗಡಿಯು ತೆರೆದಿರುವುದು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದರೂ ಮೀನಿನ ಪೇಟೆಯು ಬರಿದಾಗುವುದಿಲ್ಲ. ಎರಡನೆಯ ಅರ್ಧವಾದರೋ ಕಠಿನವಾಗುತ್ತ ಬಂದಿದೆ. ಕೊಡಿಯಾಲಬೈಲು ಎಂಬ ಹೆಸರಿನಲ್ಲಿ ಬೈಲು ಉಳಿದಿದೆ; ನೆಲದ ಮೇಲೆ ಅದನ್ನು ಹುಡುಕಬೇಕಾಗಿದೆ. ಗದ್ದೆಗಳು ತುಂಬಿ ಕಟ್ಟಡಗಳಾದುವು, ಅಂಗಳಗಳಿಗೆ ಸಿಮೆಂಟು ಹಾಸಿದುದಾಯಿತು, ತೋಡುಗಳು ಇಕ್ಕಟ್ಟಾದುವು. ಮಳೆಯು ಮಾತ್ರ ಹಿಂದಿನಂತೆಯೇ ಬರುವುದು.

1923ರಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದುದನ್ನು ಹಿರಿಯರು ತಲೆಮಾರುಗಳ ವರೆಗೆ ಹೇಳುತ್ತಿದ್ದರು. ಅದು ನದಿಯ ಕೋಪ. ಅದರೆದುರು ಮನುಷ್ಯನ ಕೈ ಸಾಗದು. ಆದರೆ 2018ರ ಮೇ 29ರಂದು, ಪತ್ತನಾಜೆ ಕಳೆದು ವಾರ ತುಂಬುವ ಮೊದಲೇ, ಕೊಟ್ಟಾರ ಚೌಕಿಯೇ ಮೊದಲಾದ ನಗರದ ತಗ್ಗುಸ್ಥಳಗಳನ್ನು ಮುಳುಗಿಸಿದ ನೀರು ಬಹುಮಟ್ಟಿಗೆ ಊರಿನ ಮೇಲೆಯೇ ಬಿದ್ದು, ಹೋಗಲು ದಾರಿ ಕಾಣದೆ ನಿಂತ ನೀರು. ಮನೆಯೊಳಕ್ಕೆ ಅದು ನುಗ್ಗಿದಾಗ ಯಾವ ಭರಣಿ, ಯಾವ ಮುಡಿ ಕಾಪಾಡೀತು?

ನೀರಿಗೆ ದಾರಿಯಿಲ್ಲದಿದ್ದರೆ ಅದು ಗೋಡೆಯನ್ನೂ ಬಿಡದು. ಗುಡ್ಡದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮನೆಯಿರುವ ಈ ಊರಿನಲ್ಲಿ, ಮೇಲಿನ ಮನೆಯ ಆವರಣದ ಗೋಡೆಯೇ ಕೆಳಗಿನವರ ತಲೆಯ ಮೇಲಿನ ಭಾರ. ಗೋಡೆಯ ಬುಡದಲ್ಲಿ ನೀರು ಹೊರಡಲು ತೂತುಗಳಿರದಿದ್ದರೆ, ಅದರ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ದೂಡುವುದು. 2024ರ ಜೂನ್ ತಿಂಗಳ ಮಳೆಯಲ್ಲಿ ಉಳ್ಳಾಲದ ಸಮೀಪದ ಕುತ್ತಾರಿನಲ್ಲಿ ನೆರೆಮನೆಯ ಆವರಣದ ಗೋಡೆಯು ಮನೆಯ ಮೇಲೆ ಕುಸಿದುಬಿದ್ದು ಒಂದೇ ಕುಟುಂಬದ ನಾಲ್ವರು ಪ್ರಾಣ ಕಳೆದುಕೊಂಡರು. ತಮ್ಮ ಮನೆಯೊಳಗೆ ಎಷ್ಟೇ ಎಚ್ಚರದಿಂದಿದ್ದರೂ ಇಂಥ ಆಪತ್ತನ್ನು ತಡೆಯುವುದು ಕೆಳಗಿನ ಮನೆಯವರ ಕೈಯಲ್ಲಿರುವುದಿಲ್ಲ.

ನಿಂತ ನೀರಿನ ಇನ್ನೊಂದು ಸಂತಾನವು ಸೊಳ್ಳೆ. 1990ರ ದಶಕದಿಂದ ಈಚೆಗೆ ಮಲೇರಿಯವು ಈ ನಗರದ ಮಳೆಗಾಲವನ್ನು ಕಾಡಿದೆ. ಒಬ್ಬರ ತಾರಸಿಯ ಮೇಲೆ ನಿಂತ ನೀರಿನಲ್ಲಿ ಹುಟ್ಟಿದ ಸೊಳ್ಳೆಯು ಇನ್ನೊಬ್ಬರ ತೊಟ್ಟಿಲನ್ನು ಹುಡುಕಿಕೊಂಡು ಹೋಗುವುದು. ಅದಕ್ಕೆ ಆವರಣದ ಗೋಡೆಯು ಅಡ್ಡಿಯಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯಿದೆ. ಮಳೆಯ ವಿಷಯದಲ್ಲಿಯೂ ಕಾಲವು ಮೀರಬಾರದು. ಬ್ಯಾಟರಿ ದೀಪವನ್ನೂ ಔಷಧವನ್ನೂ ಕೈಗೆ ಸಿಗುವಂತಿರಿಸುವುದು, ಮನೆಯ ಕಾಗದಪತ್ರಗಳನ್ನು ಎತ್ತರದಲ್ಲಿಡುವುದು, ತಂತಿಯ ಕಡೆಗೆ ಬಾಗಿದ ಕೊಂಬೆಯ ಸುದ್ದಿಯನ್ನು ವಿದ್ಯುತ್ತಿನವರಿಗೆ ಮುಟ್ಟಿಸುವುದು, ಇವು ಪ್ರತಿಯೊಂದು ಮನೆಯೂ ತಾನೇ ಮಾಡಿಕೊಳ್ಳತಕ್ಕವು. ಕಣಿಯ ಕೆಲಸವು ಹಾಗಲ್ಲ. ತನ್ನ ಅಂಗಳದ ನೀರನ್ನು ನೆರೆಯವನ ಬಾಗಿಲಿಗೆ ತಿರುಗಿಸಿದವನು ಸನ್ನಾಹ ಮಾಡಿದನೆನ್ನಲಾಗದು, ಆಪತ್ತನ್ನು ದಾಟಿಸಿದನಷ್ಟೆ. ಹೊಸ ಹಪ್ಪಳವನ್ನು ನೆರೆಮನೆಗೆ ಕಳುಹಿಸುವಾಗ ಯಾರೂ ಅಪ್ಪಣೆ ಕೇಳುವುದಿಲ್ಲ. ನೀರನ್ನು ಕಳುಹಿಸುವ ಮುನ್ನವಾದರೂ ಒಂದು ಸಂಜೆ ಬೀದಿಯವರೆಲ್ಲ ಗುದ್ದಲಿ ಹಿಡಿದು, ತೋಡಿನ ದಂಡೆಯಲ್ಲಿ ನಿಂತು, ಅದು ಎಲ್ಲಿಗೆ ಹೋಗಬೇಕೆಂದು ಮಾತಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಪತ್ತನಾಜೆಯ ಒಳಗಿನ ಯಾವ ದಿನವಾದರೂ ಶುಭದಿನವೇ.