ವಾಪಸ್ ಬರಲು ಬೇಕಾದಷ್ಟು

ಅಪ್ಪನಿಗೆ ಭುಜನೋವು. ತುಂಗಭದ್ರಾ ಹಿನ್ನೀರಿನಲ್ಲಿ ಹುಟ್ಟು ಹಾಕುವುದು ಇನ್ನಾಗದು ಎಂದಾಗ ದೋಣಿಗೆ ಬ್ಯಾಟರಿ ಮೋಟಾರು ಕೊಡಿಸಿದೆ. ಹಳೆಯ ಕಾರಿನ ಬ್ಯಾಟರಿಯೇ ಸಾಕು ಎಂದದ್ದು ನನ್ನ ಜಾಣತನ. ಒಂದು ಸಂಜೆ ಅದು ನಡುನೀರಿನಲ್ಲಿ ಕೈಕೊಟ್ಟಿತು. ಅಪ್ಪ ಅದೇ ಭುಜದಲ್ಲಿ ಹುಟ್ಟು ಹಾಕಿ ದಡ ಸೇರಿದ. ಫೋನಿನಲ್ಲಿ ಅಂದದ್ದು ಇಷ್ಟೇ: "ಹೋಗಾಕಷ್ಟ ಅಲ್ಲೋ, ವಾಪಸ್ ಬರಾಕೂ ಕರೆಂಟ್ ಬೇಕು."

ಮರುದಿನ ನಾಂಪಲ್ಲಿಯ ನನ್ನ ಬಾಡಿಗೆ ಕೋಣೆಯಲ್ಲಿ ಲೆಕ್ಕಕ್ಕೆ ಕೂತೆ. ಕಾರಿನ ಬ್ಯಾಟರಿ ಇರುವುದು ಎಂಜಿನ್ ಎಬ್ಬಿಸಲು, ಗಂಟೆಗಟ್ಟಲೆ ದುಡಿಯಲು ಅಲ್ಲ. ಪೂರ್ತಿ ವೇಗದಲ್ಲಿ ನಮ್ಮ ಮೋಟಾರು 40 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿ ಎರಡೂವರೆ ಗಂಟೆ ಬರುವುದು ಕಾಗದದ ಮೇಲೆ ಮಾತ್ರ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಬೇಗ ಕೆಡುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ ಒಂದೂಕಾಲು ಗಂಟೆ.

24 ವೋಲ್ಟ್ ಆದರೆ ಅದೇ ಶಕ್ತಿಗೆ ಅರ್ಧ ಕರೆಂಟು ಸಾಕು, ತಂತಿ ಬಿಸಿಯಾಗುವುದೂ ಕಡಿಮೆ. ಆದರೆ ನಮ್ಮ ಮೋಟಾರು 12 ವೋಲ್ಟಿನದು. 24 ಕೊಟ್ಟರೆ ಸುಟ್ಟೀತು. ಮೇಲಾಗಿ ಸೀಸದ ಒಂದೊಂದು ಬ್ಯಾಟರಿಯೂ 30 ಕಿಲೋ ಮೀರುತ್ತದೆ. ಎತ್ತುವುದು ಯಾವ ಭುಜ?

ಕೊನೆಗೆ 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೂ ಅದಕ್ಕೆ ಹೊಂದುವ ಚಾರ್ಜರನ್ನೂ ಕೊಂಡೆ. ದುಬಾರಿ ನಿಜ, ತೂಕ ಸುಮಾರು 12 ಕಿಲೋ, ಎಂಬತ್ತು ಪಾಲು ಬಳಸಿದರೂ ಎರಡು ಗಂಟೆ. ಅಪ್ಪ ಮುಕ್ಕಾಲು ಗಂಟೆಗೇ ದೋಣಿ ತಿರುಗಿಸುತ್ತಾನೆ. ಉಳಿದದ್ದು ಎದುರುಗಾಳಿಗಂತೆ.