ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮನೆ ಹುಡುಗಿ ಈಗ ಒಂದು ಆಟ ಕಟ್ತಿದಾಳೆ. ಕಂಪ್ಯೂಟರಿನಲ್ಲಿ ಓಡಿ, ಹಾರಿ, ಹಳ್ಳ ದಾಟಿ ಕೊನೆ ಮುಟ್ಟೋ ಆಟಗಳನ್ನ ಮಕ್ಕಳ ಕೈಲಿ ನೀವೂ ನೋಡಿರ್ತೀರಿ. ಆ ಹಳ್ಳ, ದಿಣ್ಣೆ, ಮುಳ್ಳನ್ನೆಲ್ಲ ಆಡೋರೇ ಜೋಡಿಸಿ, 'ನಾ ಮಾಡಿದ ಲೆವೆಲ್ಲು, ದಾಟು ನೋಡೋಣ' ಅಂತ ಊರಿಗೆಲ್ಲ ಹಂಚೋ ಆಟಗಳೂ ಇವೆ. ಅಂಥದ್ದೊಂದರಲ್ಲಿ ಇವಳು ಹೈಸ್ಕೂಲಿನಿಂದ ಇದಾಳೆ. ಲಾಕ್‌ಡೌನಿನಲ್ಲಿ ಬಸವನಗುಡಿ ಎಲ್ಲ ಬಾಗಿಲು ಹಾಕ್ಕೊಂಡು ಕೂತಿದ್ದಾಗ ಇವಳಿಗೆ ಜಗಲಿ ಅಂತ ಇದ್ದದ್ದು ಅದೊಂದೇ. ಈಗ ಅಲ್ಲಿ ಜನ ಕರಗಿ ಏಳೆಂಟು ಜನ ಉಳಿದಿದಾರೆ. ಅವರೇ ಸೇರಿ ಹೊಸದೊಂದು ಮಾಡೋಣ ಅಂತ ಹೊರಟಿದಾರೆ.

"ಜನ ಯಾಕೆ ಬಿಟ್ಟು ಹೋದ್ರೇ?" ಅಂದೆ.

"ಹಳಬರು ಹಳಬರಿಗೇ ಕಟ್ತಾರಮ್ಮ. ಕಷ್ಟ, ಅದಕ್ಕಿಂತ ಕಷ್ಟ. ಹೊಸಬರು ಬಂದು ಮೂರು ಸಲ ಸತ್ತು, ಹೋಗ್ಬಿಡ್ತಾರೆ."

ಅವಳಿಗೆ ಇನ್ನೊಂದು ಭಯ, ಕಟ್ಟಿದ್ದು ಉಳಿಯತ್ತೋ ಇಲ್ವೋ ಅಂತ. ನಿಂಟೆಂಡೊದೋರು 2015ರಲ್ಲಿ 'ಸೂಪರ್ ಮಾರಿಯೋ ಮೇಕರ್' ತಂದರು. ಅದರಲ್ಲಿ ಒಂದು ಒಳ್ಳೇ ಕಟ್ಟಳೆ: ಲೆವೆಲ್ಲು ಕಟ್ಟಿದೋರು ಮೊದಲು ತಾವೇ ದಾಟಿ ತೋರಿಸ್ಬೇಕು, ಆಮೇಲೇ ಹಂಚೋದು. (ನೈವೇದ್ಯದ ದಿನ ಉಪ್ಪು ನೋಡದೇ ಹುಳಿ ಇಳಿಸೋ ನಮಗೆ ಆ ಅನುಕೂಲ ಇಲ್ಲ.) 2021ರ ಮಾರ್ಚಿಗೆ ಹೊಸ ಲೆವೆಲ್ಲು ಹಾಕೋದು ನಿಂತಿತು. 2024ರ ಏಪ್ರಿಲಿನಲ್ಲಿ ಸರ್ವರನ್ನೇ ಮುಚ್ಚಿದರು. ಅಷ್ಟರೊಳಗೆ ಒಬ್ಬರೂ ದಾಟದೆ ಉಳಿದಿದ್ದನ್ನೆಲ್ಲ ಒಂದೊಂದಾಗಿ ದಾಟಿ ಮುಗಿಸೋಕೆ ದೇಶದೇಶದ ಜನ ಸೇರಿ ಕೂತಿದ್ದರಂತೆ. ಯಾರೋ ಗುರುತಿಲ್ಲದೋರು ಕಷ್ಟಪಟ್ಟು ಮಾಡಿದ್ದು ಯಾರೂ ಮುಟ್ಟದೇ ಹೋಗಬಾರದು ಅಂತ. ಕೇಳಿ ನನಗೆ ಆ ಮಕ್ಕಳ ಮೇಲೆ ಗೌರವ ಬಂತು.

ನನಗೆ ಸರ್ವರು ತಿಳಿಯಲ್ಲ, ಚೌಕಾಬಾರ ತಿಳಿಯತ್ತೆ. ಐದೈದು ಇಪ್ಪತ್ತೈದು ಮನೆ, ಐದು ಕಟ್ಟೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ. ಕವಡೆ ಕಳೆದ್ರೆ ಹುಣಿಸೆ ಬೀಜ ತೇಯ್ಕೊಂಡ್ರಾಯ್ತು, ಮನೆ ಅಳಿಸಿದ್ರೆ ಸೀಮೆಸುಣ್ಣದಲ್ಲಿ ಮತ್ತೆ ಬರೆದ್ರಾಯ್ತು. ಕಾಯಿ ಹೊಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅಂತ ನಮ್ಮಮ್ಮನ ಮನೆ ರೂಲು. ಹೋಗ್ಬಹುದು ಅಂತ ಅತ್ತೆ ಮನೇದು. ಏಳೇಳು ಮನೆ ಬರೆಯೋರೂ ಇದಾರೆ. ಮನೆಗೊಂದು ಲೆವೆಲ್ಲು ನಾವೂ ಕಟ್ಟಿದೀವಿ ಅನ್ನಿ.

ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಹೊಸ ಹೊಸ ಮಣೆಯಾಟ ಕಟ್ಟಿದೋರೇ. ಮೈಸೂರಿನ ಜಗನ್ಮೋಹನ ಅರಮನೆ ಗೋಡೆ ಮೇಲೆ ಅವುಗಳ ಚಿತ್ರ ಇದೆ. ಅಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದೋರು 'ಕ್ರೀಡಾ ಕೌಶಲ್ಯ' ಅಂತ ಪ್ರದರ್ಶನ ಇಟ್ಟು ಹಳೇ ಆಟಗಳನ್ನ ಮತ್ತೆ ಜನರ ಕೈಗೆ ತಂದಿದಾರೆ. ಆದ್ರೂ ರಾಜರ ಆಟಗಳನ್ನ ನಾವು ಹೆಚ್ಚಾಗಿ ನಿಂತು ನೋಡ್ತೀವಿ. ಚೌಕಾಬಾರ ಕೂತು ಆಡ್ತೀವಿ. ಒಂದನ್ನ ಓದಿ ಕಲೀಬೇಕು, ಇನ್ನೊಂದು ಪಕ್ಕದಲ್ಲಿ ಕೂತ್ರೆ ಬರತ್ತೆ.

ಪಕ್ಕದಲ್ಲಿ ಕೂರಿಸ್ಕೊಳೋದಕ್ಕೂ ನಮ್ಮಲ್ಲಿ ಒಂದು ರೂಲಿದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಎಲ್ಲರಿಗಿಂತ ಚಿಕ್ಕದು ಕವಡೆ ಹಾಕತ್ತೆ, ಕಾಯಿ ನಡೆಸತ್ತೆ, ಅದರ ಕಾಯಿ ಮಾತ್ರ ಯಾರೂ ಹೊಡೆಯಲ್ಲ. ಎರಡು ಬೇಸಿಗೆ ರಜ ಕಳೆದ್ರೆ ಅದೇ ನಮ್ಮ ಕಾಯಿ ಹೊಡೆಯತ್ತೆ. "ನಿನ್ನ ಆಟದಲ್ಲಿ ಅದಕ್ಕೆ ಜಾಗ ಎಲ್ಲಿದೆ ಹೇಳು" ಅಂದೆ. ಅವಳು ಮಾತಾಡಲಿಲ್ಲ, ಪುಸ್ತಕದಲ್ಲಿ ಬರ್ಕೊಂಡ್ಲು.

ಈಗ ಎರಡು ತೀರ್ಮಾನ ಆಗಿದೆ. ಕಟ್ಟಿದ ಲೆವೆಲ್ಲು ಕಟ್ಟಿದೋರ ಹತ್ರಾನೇ ಒಂದು ಪುಟ್ಟ ಫೈಲಾಗಿ ಇರತ್ತೆ, ಆಟ ಮುಚ್ಚಿದ್ರೂ ಅದು ಹೋಗಲ್ಲ. ಹೊಸಬರು ಮೊದಲ ತಿಂಗಳು ಎಷ್ಟು ಸಲ ಸತ್ರೂ ಯಾರಿಗೂ ಕಾಣಿಸಲ್ಲ, ಜೊತೆಗೊಬ್ಬ ಹಳಬ ಆಡ್ತಾನೆ.

ಹಳಬರಲ್ಲಿ ಒಬ್ಬ ಹುಡುಗ ಒಪ್ಪಲಿಲ್ಲ. ಆಟ ಸಪ್ಪೆ ಆಗತ್ತೆ, ನಾನು ಬರಲ್ಲ ಅಂದನಂತೆ. ಲಾಕ್‌ಡೌನಿನಲ್ಲಿ ದಿನಾ ಜೊತೆಗೆ ಆಡ್ತಿದ್ದೋನು. ಆವತ್ತು ಇವಳು ಊಟಕ್ಕೆ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಮಾರನೇ ದಿನ ಎದ್ದು ಅದೇ ರೂಲಿಟ್ಕೊಂಡು ಕೆಲಸ ಮುಂದುವರಿಸಿದ್ಲು. ಅವನಿಗೂ ಒಂದು ಜಾಗ ಬಿಟ್ಟಿದೀನಿ, ಬಂದ್ರೆ ಬರ್ಲಿ ಅಂತಾಳೆ.

ದಸರಾ ಬೊಂಬೆ ನೋಡೋಕೆ ಬರೋವಾಗ ಮಕ್ಕಳನ್ನೂ ಕರ್ಕೊಂಡ್ ಬನ್ನಿ, ಆಡಿಸಿ ನೋಡ್ಬೇಕಂತೆ. ಅವರ ಜೊತೆ ನೀವೂ ಕೂತ್ಕೊಳಿ. ನಾನು ಹನ್ನೊಂದು ಸಲ ಸತ್ತಿದೀನಿ.