ಎಕ್ಸೆಲ್ ಶೀಟಿನಲ್ಲಿ ಇಲ್ಲದ ಖರ್ಚು

ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಒಂದು ಚಟ. ಮದುವೆಯಿರಲಿ, ಮನೆಗೆ ಬಣ್ಣ ಹೊಡೆಸೋದಿರಲಿ, ಮೊದಲು ಎಕ್ಸೆಲ್ ಶೀಟು ತೆರೀತೀವಿ. 2024ರ ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಗ್ರೂಪ್ ಟೂರಿನಲ್ಲಿ ಯುರೋಪಿಗೆ ಕರ್ಕೊಂಡು ಹೊರಟಾಗಲೂ ಅದನ್ನೇ ಮಾಡಿದೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್. ವಿಮಾನ, ಹೋಟೆಲ್, ಊಟ ಎಲ್ಲಾ ಪ್ಯಾಕೇಜಿನಲ್ಲೇ ಇತ್ತು. ಉಳಿದದ್ದು ಕೈಖರ್ಚು: ನೀರು, ಕಾಫಿ, ಬಸ್ ಡ್ರೈವರಿಗೆ ತಲಾ ದಿನಕ್ಕೆ 2 ಯೂರೋ ಟಿಪ್ಸ್, ಸಣ್ಣಪುಟ್ಟ ಶಾಪಿಂಗ್.

ಅಪ್ಪ ಅಮ್ಮ ಇಬ್ಬರಿಗೂ ತಲಾ 150 ಯೂರೋ ಕವರಿನಲ್ಲಿ ಹಾಕಿ ಕೊಟ್ಟೆ. ಮಿಕ್ಕದ್ದು ನನ್ನ ಫಾರೆಕ್ಸ್ ಕಾರ್ಡಿನಲ್ಲಿ. ಸ್ವಿಟ್ಜರ್ಲೆಂಡಿಗೆ ಬೇರೆಯಾಗಿ ಫ್ರಾಂಕ್. ಅಲ್ಲಿ ಕೆಲವು ಅಂಗಡಿಯವರು ಯೂರೋ ತಗೋತಾರೆ, ಆದರೆ ಚಿಲ್ಲರೆ ಫ್ರಾಂಕಿನಲ್ಲಿ ಕೊಡ್ತಾರೆ. ಎರಡು ದಿನ ಬಿಟ್ಟು ಇಟಲಿಯಲ್ಲಿ ಅದು ಯಾರಿಗೂ ಬೇಡ. ಇನ್ನೊಂದು ವಿಷಯ, ಕಾರ್ಡ್ ಉಜ್ಜುವಾಗ ಮೆಷಿನ್ ರೂಪಾಯಿಯಲ್ಲಿ ಕೊಡ್ತೀರಾ ಅಂತ ಕೇಳುತ್ತೆ. ಒಳ್ಳೇದಾಯ್ತು ಅಂತ ಹೂಂ ಅನ್ನಬೇಡಿ. ಆ ರೇಟು ಅವರದ್ದು, ನಮಗೇ ನಷ್ಟ. ಯೂರೋ ಅಂತಲೇ ಒತ್ತಿ.

ಇಷ್ಟೆಲ್ಲಾ ತಿಳಿದಿದ್ದ ನನಗೆ ಅಮ್ಮ ತಿಳಿದಿರಲಿಲ್ಲ.

ಆಗ ಯೂರೋಗೆ ಹೆಚ್ಚುಕಡಿಮೆ 90 ರೂಪಾಯಿ. ಪ್ಯಾರಿಸ್‌ನಲ್ಲಿ ಇಳಿದ ಗಳಿಗೆಯಿಂದ ಅಮ್ಮ ತೊಂಬತ್ತರ ಮಗ್ಗಿ ಶುರು ಮಾಡಿದರು. ಮೇಷ್ಟರ ಒಂದು ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದ ಕೈ ಅದು, ಸುಮ್ಮನೆ ಬಿಚ್ಚುತ್ತಾ? ಐಸ್‌ಕ್ರೀಮ್ 4 ಯೂರೋ, ಅಂದರೆ 360. "ಅಷ್ಟರಲ್ಲಿ ಮನೆಮಂದಿಗೆಲ್ಲಾ ಹೋಳಿಗೆ ಮಾಡಬಹುದು ಕಣೇ." ಎಲ್ಲರೂ ನಗ್ತಿದ್ವಿ. ಗ್ರೂಪಿನವರಿಗೂ ಅದು ತಮಾಷೆಯಾಗಿತ್ತು.

ವೆನಿಸ್‌ನಲ್ಲಿ ತಮಾಷೆ ಮುಗೀತು. ಸೇಂಟ್ ಮಾರ್ಕ್ಸ್ ಚೌಕದ ಬಿಸಿಲಲ್ಲಿ ನಡೀತಿದ್ದ ಅಮ್ಮ ಗೋಡೆ ಹಿಡಿದು ಹಾಗೇ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು, ಕಾಲು ಸೆಟೆದುಕೊಂಡಿತ್ತು. ಟೂರ್ ಮ್ಯಾನೇಜರ್ ಓಡಿ ಬಂದು ಸಕ್ಕರೆ, ಉಪ್ಪು ಹಾಕಿದ ನೀರು ಕುಡಿಸಿದರು. ಬೆಳಗಿನಿಂದ ಎಷ್ಟು ನೀರು ಕುಡಿದಿದ್ದೀರಿ ಅಂತ ಕೇಳಿದರೆ ಅಮ್ಮ ತಲೆ ತಗ್ಗಿಸಿದರು. ಅಲ್ಲಿ ಸಾರ್ವಜನಿಕ ಶೌಚಾಲಯಕ್ಕೆ 1.50 ಯೂರೋ. ಮಗ್ಗಿ ಪ್ರಕಾರ 135 ರೂಪಾಯಿ. ಅದನ್ನು ಉಳಿಸೋಕೆ ಮೂರು ದಿನದಿಂದ ಗುಟುಕು ಗುಟುಕಾಗಿ ಮಾತ್ರ ಕುಡೀತಿದ್ದರಂತೆ.

"ಮೂತ್ರಕ್ಕೆ ಹೋಗೋಕೆ ನೂರ ಮೂವತ್ತೈದು ಕೊಡು ಅಂತ ನಿನ್ನ ಹತ್ರ ಹೇಗೆ ಕೇಳಲಿ?"

ಕವರಿನಲ್ಲಿ 150 ಯೂರೋ ಹಾಗೇ ಇತ್ತು. ಅದು ಮಗಳ ದುಡ್ಡು, ವಾಪಸ್ ಕೊಡಬೇಕಾದದ್ದು ಅಂತ ಅವರು ಅಂದುಕೊಂಡಿದ್ದರು. ನನ್ನ ಶೀಟಿನಲ್ಲಿ ಮ್ಯಾಗ್ನೆಟ್‌ಗೂ ಚಾಕೊಲೇಟಿಗೂ ಒಂದೊಂದು ಸಾಲಿತ್ತು, ಇದಕ್ಕೆ ಇರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆವತ್ತೇ ಒಂದು ನೋಟು ಮುರಿಸಿ, ಬರೀ ಚಿಲ್ಲರೆ ತುಂಬಿದ ಪುಟ್ಟ ಪರ್ಸ್ ಅಮ್ಮನ ಕೈಗೆ ಕೊಟ್ಟೆ. ಇದಕ್ಕೆ ಲೆಕ್ಕ ಇಲ್ಲ, ಉಳಿಸಿದರೆ ಜಗಳ ಅಂದೆ. ನಿಮ್ಮನೆ ಹಿರಿಯರನ್ನು ಕರ್ಕೊಂಡು ಹೋಗೋದಾದರೆ ಮೊದಲ ದಿನವೇ ಇದನ್ನು ಮಾಡಿ. ನೀರಿಗೆ ದುಡ್ಡು ಸುರಿಯೋದೂ ಬೇಕಿಲ್ಲ. ರೋಮ್‌ನ ಬೀದಿಬೀದಿಯಲ್ಲಿ ಸಣ್ಣ ಕಾರಂಜಿಗಳಿವೆ, ಕುಡಿಯೋ ನೀರು ಪುಕ್ಕಟೆ. ಮನೆಯಿಂದ ಒಂದು ಖಾಲಿ ಬಾಟಲಿ ಒಯ್ದರೆ ಸಾಕು. ಹಾಗೇ ಇಟಲಿಯಲ್ಲಿ ಕಾಫಿ ನಿಂತು ಕುಡಿದರೆ ಒಂದು ರೇಟು, ಟೇಬಲ್ಲಿಗೆ ಕೂತರೆ ಇನ್ನೊಂದು. ನಮ್ಮ ದರ್ಶಿನಿ ಅಭ್ಯಾಸ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು.

ಸಂಜೆ ಮುಂಚೆ ಗೊಂಡೋಲಾ ಸರದಿ. ಅದು ಪ್ಯಾಕೇಜಿನಲ್ಲಿರಲಿಲ್ಲ. ಹಗಲಲ್ಲಿ ಅರ್ಧ ಗಂಟೆಗೆ ಒಂದು ದೋಣಿಗೆ 90 ಯೂರೋ, ಐದು ಜನ ಕೂರಬಹುದು. ಇನ್ನೊಂದು ದಂಪತಿ ಸೇರಿದರು, ತಲೆಗೆ 18 ಬಿತ್ತು. ನಾನು ಕಾರ್ಡ್ ತೆಗೆಯೋ ಮೊದಲೇ ಅಪ್ಪ ತಮ್ಮ ಕವರ್ ಬಿಚ್ಚಿ ನಮ್ಮ ಮೂವರದ್ದು 54 ಯೂರೋ ಎಣಿಸಿಟ್ಟರು. ಅಮ್ಮ ಬಾಯಿ ತೆರೆದರು. ಆಮೇಲೆ ಮಗ್ಗಿ ಹೇಳದೆ ಅಪ್ಪನ ತೋಳು ಹಿಡಿದು ದೋಣಿ ಹತ್ತಿದರು.

ಬೆಂಗಳೂರಿಗೆ ಬಂದ ಮೇಲೆ ಉಳಿದ ನೋಟುಗಳನ್ನು ಬದಲಾಯಿಸಿಕೊಂಡೆ. ನಾಣ್ಯಗಳನ್ನು ಮಾತ್ರ ಅಂಗಡಿಯವನು ಮುಟ್ಟಲಿಲ್ಲ. 7 ಯೂರೋ ಹಾಸನದ ಅಡುಗೆಮನೆಯ ಸಾಸಿವೆ ಡಬ್ಬಿ ಪಕ್ಕ ಹೋಗಿ ಕೂತಿತು. ಹೋದ ತಿಂಗಳು ಪಕ್ಕದ್ಮನೆ ಆಂಟಿ ಅಂಕಲ್ ಯುರೋಪಿಗೆ ಹೊರಟಾಗ ಅಮ್ಮ ಅದನ್ನು ಕಾಗದದಲ್ಲಿ ಕಟ್ಟಿ ಆಂಟಿ ಕೈಗಿಟ್ಟರಂತೆ.

"ವಾಪಸ್ ಕೊಡೋದೇನೂ ಬೇಡ ಕಣ್ರೀ. ನೀರು ಮಾತ್ರ ಕುಡೀರಿ."